ಲೋಟದಿಂದ ಶುರು ಮಾಡಿ

ನಮ್ಮ ಕಳಸದ ಮನೆಯಲ್ಲಿ ಪಾತ್ರೆ ತೊಳೆಯೋದಕ್ಕೆ ಅಜ್ಜಿ ಈಗಲೂ ‘ಮುಸುರೆ ತಿಕ್ಕೋದು’ ಅಂತಾರೆ. ಆ ಪದ ಕೇಳಿದರೇ ಗೊತ್ತಾಗುತ್ತೆ, ಇದು ಯಾರಿಗೂ ಬೇಡದ, ಯಾರೋ ಒಬ್ಬರ ತಲೆಗೆ ಕಟ್ಟಿದ ಕೆಲಸ ಅಂತ. ಆ ‘ಯಾರೋ ಒಬ್ಬರು’ ಯಾವಾಗಲೂ ಹೆಂಗಸೇ. ಮೊದಲು ಅಜ್ಜಿ, ಆಮೇಲೆ ಅಮ್ಮ ಮತ್ತು ಚಿಕ್ಕಮ್ಮ, ನನಗೆ ಏಳು ತುಂಬಿದ ಮೇಲೆ ನಾನು. ನನಗಿಂತ ಎರಡು ವರ್ಷ ದೊಡ್ಡವನಾದ ಅಣ್ಣನನ್ನು ಯಾರೂ ಕರೆಯಲಿಲ್ಲ. ‘ನಾನು ಮಾಡಲ್ಲ’ ಅಂತ ಅವನು ಯಾವತ್ತೂ ಹೇಳಿದವನಲ್ಲ. ಕರೆದಿದ್ದರೆ ತಾನೇ ಹೇಳೋದು?

ತಮಾಷೆ ಏನಂದ್ರೆ, ಅದೇ ಅಣ್ಣ ಶಾಲೆಯಲ್ಲಿ ದಿನಾ ತಟ್ಟೆ ತೊಳೀತಿದ್ದ. ಕರ್ನಾಟಕದಲ್ಲಿ 2002ರಲ್ಲಿ ಅಕ್ಷರ ದಾಸೋಹ ಶುರುವಾದ ಮೇಲೆ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಇದು ನೆನಪಿರುತ್ತೆ. ಅನ್ನ ಸಾರು ಉಂಡು, ತಟ್ಟೆ ಹಿಡಿದು ನಲ್ಲಿಯ ಮುಂದೆ ಸಾಲು. ನಮ್ಮ ಶಾಲೆಯ ಸಾಲಿನಲ್ಲಿ ಗಂಡು-ಹೆಣ್ಣು ಅಂತ ಭೇದ ಇರಲಿಲ್ಲ. ಆದರೆ ಸಂಜೆ ಮನೆಗೆ ಬಂದ ಕೂಡಲೇ ಅದೇ ಕೈಗಳು ತಟ್ಟೆಯನ್ನು ಉಂಡ ಜಾಗದಲ್ಲೇ ಬಿಟ್ಟು ಏಳ್ತಿದ್ದವು. ಅಂದ್ರೆ ತೊಳೆಯೋಕೆ ಬರಲ್ಲ ಅಂತಲ್ಲ, ಮನೆಯಲ್ಲಿ ಅದು ತನ್ನ ಕೆಲಸ ಅಂತ ಯಾರೂ ಹೇಳಿರಲಿಲ್ಲ, ಅಷ್ಟೇ.

ಕಳೆದ ಸೆಮಿಸ್ಟರ್ ರಜೆಯಲ್ಲಿ ಊರಿಗೆ ಹೋದಾಗ ರೊಬಸ್ಟಾ ಕೊಯ್ಲು ಜೋರಾಗಿತ್ತು. ಆಳುಗಳು ಸಿಗದ ಕಾಲ. ಇರೋ ಒಂದೂವರೆ ಎಕರೆಗೆ ಮನೆಯವರೇ ಇಳೀಬೇಕು. ಅಮ್ಮ, ಚಿಕ್ಕಮ್ಮ ಬೆಳಿಗ್ಗೆ ಎಂಟಕ್ಕೆ ತೋಟಕ್ಕೆ ಹೋದರೆ ಬರೋದು ಸಂಜೆ. ಹಣ್ಣು ಬಿಡಿಸಿ ಬಿಡಿಸಿ ಬೆರಳೆಲ್ಲ ಕಪ್ಪು, ಗೀರು ಬೇರೆ. ಆ ಕೈ ಸೋಪಿನ ನೀರಿಗೆ ಹೋದರೆ ಎಷ್ಟು ಉರಿಯುತ್ತೆ ಅಂತ ಅಮ್ಮ ಹೇಳಲ್ಲ, ಆದರೆ ಮುಖ ಹೇಳುತ್ತೆ. ಹಾಗಾಗಿ ಪಾತ್ರೆ ನನ್ನ ಪಾಲಿಗೆ ಬಂತು. ಜೊತೆಗೆ ಚಿಕ್ಕಪ್ಪನ ಮಕ್ಕಳಿಬ್ಬರೂ ನನ್ನ ಪಾಲಿಗೇ ಬಂದರು. ಏಳು ವರ್ಷದ ಚಿನ್ನಿ, ನಾಲ್ಕೂವರೆ ವರ್ಷದ ಪುಟ್ಟ.

ಮೊದಲನೇ ದಿನವೇ ಒಂದು ವಿಷಯ ಗಮನಿಸಿದೆ. ಕರೆಯದೇ ಬಂದವನು ಪುಟ್ಟ. ಹಿತ್ತಲಿನ ಕಲ್ಲಿನ ಹತ್ತಿರ ಅಬ್ಬಿ ನೀರಿನ ಪೈಪು ಇದೆ. ಗುಡ್ಡದಿಂದ ಇಳಿದು ಬರೋ ನೀರು, ಮೋಟಾರು ಬೇಡ, ಕರೆಂಟು ಬೇಡ. ನೀರು, ನೊರೆ, ಸದ್ದು ಮೂರೂ ಒಂದೇ ಕಡೆ ಇದ್ದರೆ ಯಾವ ಮಗು ಸುಮ್ಮನಿರುತ್ತೆ? ‘ಅಕ್ಕಾ, ನಾನೂ ತೊಳೀತೀನಿ’ ಅಂತ ಅಂಗಿ ಮೇಲೆತ್ತಿ ಕೂತೇಬಿಟ್ಟ. ಈ ವಯಸ್ಸಿನಲ್ಲಿ ಎಲ್ಲ ಮಕ್ಕಳೂ ಹೀಗೇ ಬರ್ತಾವೆ ಅನ್ಸುತ್ತೆ. ನಾವೇ ‘ಹೋಗು ಆಚೆ, ಅಂಗಿ ಒದ್ದೆಯಾಗ್ತದೆ’ ಅಂತ ಓಡಿಸೋದು. ಹತ್ತು ವರ್ಷ ಕಳೆದ ಮೇಲೆ ‘ಒಂದು ಲೋಟ ಎತ್ತಿಡಲ್ಲ, ಸೋಮಾರಿ’ ಅಂತ ಬೈಯೋದೂ ನಾವೇ. ನಡುವೆ ಹುಡುಗಿಯನ್ನು ಮಾತ್ರ ವಾಪಸ್ ಕರೀತೀವಿ.

ಕಲಿಸೋದು ಕಷ್ಟ ಏನಲ್ಲ, ಆದರೆ ಕ್ರಮ ಬೇಕು. ಚಾಕು, ಗಾಜು, ಈಳಿಗೆ ಮಣೆ ಮೊದಲೇ ಬೇರೆ ಎತ್ತಿಡಬೇಕು. ಪಾಚಿ ಕಟ್ಟಿದ ಕಲ್ಲಿನ ಮೇಲೆ ಮಕ್ಕಳನ್ನು ಕೂರಿಸಬಾರದು. ಎಂಜಲು ಬಳಿದು ಹಾಕೋದು ಮೊದಲ ಪಾಠ, ಅನ್ನ ಬಸಿದ ತಿಳಿ ದನದ ಬಾನಿಗೆ. ಪುಟ್ಟನಿಗೆ ಸ್ಟೀಲ್ ಲೋಟ, ಚಮಚ. ಚಿನ್ನಿಗೆ ತಟ್ಟೆ, ಬಟ್ಟಲು. ಮಸಿ ಹಿಡಿದ ಪಾತ್ರೆ, ಕುಕ್ಕರು ನನಗೆ. ಪೈಪಿನ ಕೆಳಗೆ ನೇರ ಹಿಡಿಯೋ ಹಾಗಿಲ್ಲ, ಬಕೆಟ್ಟಿನಿಂದ ಚೊಂಬಿನಲ್ಲಿ ಹಾಕ್ಕೋಬೇಕು. ಮಳೆಗಾಲದಲ್ಲಿ ಧೋ ಅಂತ ಬರೋ ಅಬ್ಬಿ ಮಾರ್ಚ್ ಹೊತ್ತಿಗೆ ನೂಲಿನಷ್ಟಾಗ್ತದೆ, ಅದು ಅವರಿಗೂ ಗೊತ್ತಿರಲಿ.

ಸ್ವಚ್ಛ ಆಯ್ತೋ ಇಲ್ವೋ ಅಂತ ನಾನು ಹೇಳ್ತಿರಲಿಲ್ಲ, ಪಾತ್ರೆಯೇ ಹೇಳಬೇಕು. ಒದ್ದೆ ತಟ್ಟೆ ಮೇಲೆ ಬೆರಳು ಉಜ್ಜಿದರೆ ‘ಕೀಚ್’ ಅನ್ನಬೇಕು. ಜಾರಿದರೆ ಜಿಡ್ಡೋ ಸೋಪೋ ಉಳಿದಿದೆ ಅಂತ ಅರ್ಥ. ಈ ಪರೀಕ್ಷೆ ಸಿಕ್ಕ ಮೇಲೆ ಪುಟ್ಟ ನಾನು ತೊಳೆದ ಪಾತ್ರೆಯನ್ನೂ ಬಿಡಲಿಲ್ಲ. ‘ಅಕ್ಕಾ, ಇದು ಕೀಚ್ ಅನ್ನಲ್ಲ’ ಅಂತ ಎರಡು ಸಲ ವಾಪಸ್ ಕೊಟ್ಟ!

ಚಿನ್ನಿಯ ಪ್ರಶ್ನೆ ಬೇರೆ: ‘ಸೋಪು ಯಾಕೆ ಬೇಕು? ನೀರು ಸಾಲಲ್ವಾ?’ ಫಸ್ಟ್ ಇಯರ್ ಕೆಮಿಸ್ಟ್ರಿಯನ್ನು ಇಷ್ಟೇ ಮಾಡಿ ಹೇಳಿದೆ: ಸೋಪಿಗೆ ಎರಡು ಕೈ, ಒಂದರಲ್ಲಿ ಎಣ್ಣೆ ಹಿಡ್ಕೊಳ್ಳುತ್ತೆ, ಇನ್ನೊಂದರಲ್ಲಿ ನೀರು. ನೀರು ಹೋಗುವಾಗ ಎಣ್ಣೆಯನ್ನೂ ಎಳ್ಕೊಂಡು ಹೋಗುತ್ತೆ. ಅಜ್ಜಿ ಜಗಲಿಯಿಂದಲೇ, ‘ನಮ್ಮ ಕಾಲದಲ್ಲಿ ಬಚ್ಚಲೊಲೆ ಬೂದಿ, ತೆಂಗಿನ ನಾರು ಅಷ್ಟೇ’ ಅಂದರು. ಅದೂ ಸರಿಯೇ. ಬೂದಿಯಲ್ಲಿರೋ ಪೊಟ್ಯಾಸಿಯಂ ಕಾರ್ಬೊನೇಟ್ ನೀರಲ್ಲಿ ಕ್ಷಾರವಾಗಿ ಜಿಡ್ಡನ್ನು ಬಿಡಿಸುತ್ತೆ. ಎಳೆ ಕೈಗೆ ಒರಟಾಗುತ್ತೆ ಅಂತ ಮಕ್ಕಳಿಗೆ ಬೂದಿ ಕೊಡಲಿಲ್ಲ. ಬದಲಿಗೆ ತಾಮ್ರದ ಚೊಂಬು, ಹುಣಸೆಹಣ್ಣು ಕೊಟ್ಟೆ. ಹುಣಸೆಯ ಹುಳಿ ತಾಮ್ರದ ಮೇಲಿನ ಕಪ್ಪನ್ನು ಕರಗಿಸಿ ಕೆಂಪು ಹೊಳಪು ಬಂದಾಗ ಇಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದರು.

ಮೂರನೇ ದಿನ ಅಜ್ಜಿ ತಡೆಯಲಾರದೆ ಕೇಳಿದರು: ‘ಅಲ್ಲ ಮಾರಾಯ್ತಿ, ಗಂಡು ಹುಡುಗನ ಕೈಲಿ ಮುಸುರೆ ತಿಕ್ಕಿಸ್ತೀಯಲ್ಲೇ?’

‘ಅವನೂ ಉಂಡಿದ್ದಾನಲ್ಲ ಅಜ್ಜಿ.’

ಅಜ್ಜಿ ಸುಮ್ಮನಾದರು. ಒಪ್ಪಿದರು ಅಂತ ನಾನು ಹೇಳಲ್ಲ. ಆದರೆ ಮಾರನೇ ದಿನ ಕಾಫಿ ಕುಡಿದ ಲೋಟವನ್ನು ‘ತಗೋ ಪುಟ್ಟಾ’ ಅಂತ ಅವನ ಕೈಗೇ ಕೊಟ್ಟರು.

ಗಾಂಧೀಜಿ ಆತ್ಮಕಥೆಯಲ್ಲಿ ಒಂದು ಪ್ರಸಂಗ ಬರುತ್ತೆ. 1915ರಲ್ಲಿ ಶಾಂತಿನಿಕೇತನಕ್ಕೆ ಹೋದಾಗ, ಅಡುಗೆಯವರನ್ನು ಬಿಟ್ಟು ಅಡುಗೆ ಕೆಲಸ ನೀವೇ ಮಾಡಿಕೊಳ್ಳಿ ಅಂತ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಹೇಳ್ತಾರೆ. ಒಂದು ತಂಡ ದೊಡ್ಡ ದೊಡ್ಡ ಪಾತ್ರೆ ತಿಕ್ಕುವಾಗ ಬೇಸರ ಆಗದಿರಲಿ ಅಂತ ಕೆಲವರು ಪಕ್ಕದಲ್ಲಿ ಕೂತು ಸಿತಾರ್ ನುಡಿಸ್ತಿದ್ದರಂತೆ. ಆ ಪ್ರಯೋಗ ಹೆಚ್ಚು ದಿನ ನಡೆಯಲಿಲ್ಲ. ಆದರೂ ಮಾರ್ಚ್ 10ನ್ನು ಅಲ್ಲಿ ಗಾಂಧಿ ಪುಣ್ಯಾಹ ಅಂತ ಆಚರಿಸ್ತಾರೆ, ಆ ದಿನದ ಕೆಲಸವನ್ನು ವಿದ್ಯಾರ್ಥಿಗಳೂ ಅಧ್ಯಾಪಕರೂ ಸೇರಿ ಮಾಡ್ತಾರೆ. ನನಗೆ ಇದರಲ್ಲಿ ಇಷ್ಟವಾಗೋದು ಆ ಸಿತಾರ್. ತಿಕ್ಕೋ ಕೆಲಸ ಬೇಸರದ್ದು ಅಂತ ಒಪ್ಪಿಕೊಂಡು, ಆ ಬೇಸರವನ್ನೂ ಹಂಚಿಕೊಂಡಿದ್ದರು ಅವರು.

ಪುಟ್ಟನ ಉತ್ಸಾಹವೂ ಎರಡನೇ ವಾರಕ್ಕೆ ಇಳೀತು. ಇಳಿಯಲೇಬೇಕು. ನಾನೇನೂ ಗದರಲಿಲ್ಲ. ಆದರೆ ತನ್ನ ತಟ್ಟೆ-ಲೋಟ ತಾನೇ ತೊಳೀಬೇಕು ಅನ್ನೋದು ಮಾತ್ರ ನಿಂತಿತು. ಆಟ ಮುಗಿದ ಮೇಲೆ ಉಳಿಯೋ ಅಷ್ಟೇ ಕೆಲಸ ಅದು, ಐದು ನಿಮಿಷದ್ದು. ಆದರೂ ಎರಡು ತಟ್ಟೆ, ಎರಡು ಲೋಟ ಅಮ್ಮನ ಗೀರಿದ ಕೈಯಿಂದ ಕಮ್ಮಿ ಆಯ್ತಲ್ಲ.

ಈ ಸಲ ರಜೆಗೆ ಊರಿಗೆ ಹೋದಾಗ ಮನೆಯಲ್ಲಿ ನಾಲ್ಕೈದು ವರ್ಷದ ಮಗು ಇದ್ದರೆ, ಗಂಡಾಗಲಿ ಹೆಣ್ಣಾಗಲಿ, ‘ನಾನೂ ತೊಳೀತೀನಿ’ ಅಂದಾಗ ಓಡಿಸಬೇಡಿ. ಒಂದು ಲೋಟ ಕೊಡಿ. ಅಂಗಿ ಒದ್ದೆಯಾಗುತ್ತೆ, ನಿಜ. ನಮ್ಮ ಕಳಸದ ಮಳೆಯಲ್ಲೇ ಒಣಗುತ್ತೆ ಅಂದಮೇಲೆ ನಿಮ್ಮೂರಲ್ಲಿ ಒಣಗದೇ ಇರುತ್ತಾ?