ಮುಳುಗಿದ ಊರು, ಉಳಿಯಬೇಕಾದ ಮಾತು

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಹೀಗೆ ನಾಲ್ಕು ಕಡೆ ಹಂಚಿಹೋದ ಕುಟುಂಬ ನಮ್ಮದು. ಮೂಲ ಊರು ಸೂಪಾ. ಕಾಳಿ, ಪಾಂಡರಿ ನದಿಗಳ ಸಂಗಮದಲ್ಲಿದ್ದ ಆ ಊರು 1987ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಹಲವರು ರಾಮನಗರ ಸೇರಿದರು. ತಾಲೂಕು ಕೇಂದ್ರ ಜೋಯಿಡಾಕ್ಕೆ ಬಂತು.

ಮದುವೆಗೆಂದು ಒಂದೆಡೆ ಸೇರಿದಾಗ ಮಕ್ಕಳು ಕೇಳುತ್ತಾರೆ: "ದಾದಿ, ನಮ್ಮ ಮನೆ ಎಲ್ಲಿತ್ತು?" ಕರೆದೊಯ್ದು ತೋರಿಸೋಣವೆಂದರೆ ಅಲ್ಲಿರುವುದು ನೀರು. ಹಾಗಾಗಿ ನಾವು ದೊಡ್ಡ ಹಾಳೆ ಹಾಸುತ್ತೇವೆ. ಹಿರಿಯರು ಹೇಳಿದಂತೆ ಮಕ್ಕಳು ಓಣಿ, ಬಾವಿ, ಅಂಗಡಿಗಳನ್ನು ಬರೆಯುತ್ತಾರೆ. ಹರೆಯದವರು ಮೊಬೈಲಿನಲ್ಲಿ ಧ್ವನಿ ಹಿಡಿದಿಡುತ್ತಾರೆ. ಬಾವಿ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಹಿರಿಯರಲ್ಲೇ ವಾದ ಹುಟ್ಟಿದರೆ ಎರಡನ್ನೂ ಗುರುತಿಸುತ್ತೇವೆ.

ಪರಿಹಾರದ ಹಣ ಹಂಚುವಾಗ ಅಣ್ಣತಮ್ಮಂದಿರ ನಡುವೆ ಮೂಡಿದ ಮುನಿಸನ್ನೂ, ಪಾಲು ಸಿಗದ ಸೋದರತ್ತೆಯರ ನೋವನ್ನೂ ಈಗ ಹೇಳುತ್ತೇವೆ. ಕೇಳಲು ಕಷ್ಟವಾಗುತ್ತದೆ, ನಿಜ. ಆದರೆ ನಾವು ನಾಲ್ಕು ಊರುಗಳಲ್ಲಿ ಚದುರಿದ್ದೇಕೆ ಎಂದು ಮಕ್ಕಳಿಗೆ ಅರ್ಥವಾಗುವುದು ಆ ಮಾತಿನಿಂದಲೇ.

ಸೂಪಾದ ನೀರಿನಿಂದ ನಾಗಝರಿಯಲ್ಲಿ ವಿದ್ಯುತ್ ತಯಾರಾಗುತ್ತದೆಂದು ಪುಸ್ತಕ ಕಲಿಸೀತು. ಆ ನೀರಿನಡಿ ಯಾರ ಅಂಗಳವಿದೆಯೆಂದು ಮನೆಯವರೇ ಹೇಳಬೇಕು. ಊರನ್ನು ಕಣ್ಣಾರೆ ಕಂಡವರು ವರ್ಷಕ್ಕೊಬ್ಬರಂತೆ ಕಡಿಮೆಯಾಗುತ್ತಿದ್ದಾರೆ.