ಗೋಡೆ ಹತ್ತುವ ವ್ಯಾಪಾರ

ಚಿತ್ರದುರ್ಗದ ಕೋಟೆಯಲ್ಲಿ ತುಪ್ಪದ ಕೊಳಕ್ಕೆ ಹತ್ತುವ ಬಂಡೆಯನ್ನು ಕಂಡವರಿಗೆ ನಾನು ಹೆಚ್ಚು ವಿವರಿಸಬೇಕಾದುದಿಲ್ಲ. ಕಡಿದಾದ ಹೆಬ್ಬಂಡೆ, ಅದರ ಮೈಮೇಲೆ ಮುಂಗಾಲು ಊರುವಷ್ಟು ಮಾತ್ರ ಕೊರೆದ ಕುಳಿಗಳು. ಬಿಳಿಚೋಡಿನವರಾದ ನಮಗೆ ಆ ಕೋಟೆ ಪರಸ್ಥಳವಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ನಮ್ಮ ಜಗಳೂರು ತಾಲ್ಲೂಕು ದುರ್ಗದ ಜಿಲ್ಲೆಗೇ ಸೇರಿತ್ತು. ಉಪಾಧ್ಯಾಯನಾಗಿದ್ದಾಗ ನಾನು ಮಕ್ಕಳನ್ನು ಅಲ್ಲಿಗೆ ಎಷ್ಟೋ ಸಲ ಪ್ರವಾಸ ಕರೆದೊಯ್ದಿದ್ದೇನೆ. ಹುಡುಗರು ಬಂಡೆಯನ್ನೇರುತ್ತಿದ್ದರು; ಹುಡುಗಿಯರು ಓಬವ್ವನ ಕಿಂಡಿಯ ಮುಂದೆ ನಿಂತು ಕತೆ ಕೇಳುತ್ತಿದ್ದರು. ಹೆಣ್ಣಿನ ಸಾಹಸವನ್ನು ಕತೆಯಾಗಿ ಕೇಳುವುದರಲ್ಲಿ ನಮ್ಮ ಜನಕ್ಕೆ ಎಂದೂ ಬೇಸರವಿಲ್ಲ.

ಅದೇ ಕೋಟೆಯ ಗೋಡೆಗಳನ್ನು ಜ್ಯೋತಿರಾಜ್ ಎಂಬವರು ಹಗ್ಗವಿಲ್ಲದೆ ಬರಿಗೈಯಲ್ಲಿ ಏರುವುದನ್ನು ನೋಡಿದವರು ಬಹಳ ಮಂದಿ. ಅದು ಅಸಾಮಾನ್ಯವಾದ ಕೌಶಲ, ಮೆಚ್ಚತಕ್ಕದ್ದೇ ಸರಿ. ಆದರೆ ಅದನ್ನು ನೋಡಿ ಚಪ್ಪಾಳೆ ತಟ್ಟಿ ಬಂದ ತಾಯಿಯು ‘ನನ್ನ ಮಗಳಿಗೂ ಇದನ್ನು ಕಲಿಸಿ’ ಎನ್ನಲಾರಳು. ಹಾಗೆನ್ನಬೇಕಾದರೆ ಬೀಳುವುದಕ್ಕೂ ಒಂದು ಏರ್ಪಾಡು ಇರಬೇಕು.

ಆ ಏರ್ಪಾಡನ್ನು ಹೊರನಾಡಿನವರು ಮನೆಯೊಳಗೇ ಮಾಡಿಕೊಂಡರು. 1964ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾನಿಲಯದ ಒಂದು ಗೋಡೆಯಲ್ಲಿ ಕಲ್ಲುಗಳನ್ನು ಕೂಡಿಸಿ, ಹತ್ತುವುದನ್ನು ಅಭ್ಯಾಸ ಮಾಡುವಂತೆ ಅಣಿಗೊಳಿಸಿದರಂತೆ. ಈಗ ಹಲಗೆಯ ಗೋಡೆಗೆ ರಾಳದ ಹಿಡಿಕೆಗಳನ್ನು ಬೋಲ್ಟು ಹಾಕಿ ಬಿಗಿಯುತ್ತಾರೆ; ಬೇಕೆಂದಾಗ ಬಿಚ್ಚಿ ಬೇರೆ ಜಾಗದಲ್ಲಿ ಕೂರಿಸಿದರೆ ಹಳೆಯ ಗೋಡೆಯೇ ಹೊಸ ಬೆಟ್ಟವಾಗುತ್ತದೆ. ನಾಲ್ಕು ಮೀಟರಿನಷ್ಟು ಎತ್ತರದ ಗೋಡೆಗೆ ಹಗ್ಗ ಬೇಡ, ಕೆಳಗೆ ದಪ್ಪನೆಯ ಮೆತ್ತೆಯಿದ್ದರೆ ಸಾಕು. ಹದಿನೈದು ಮೀಟರಿನ ಗೋಡೆಗಾದರೆ ಹಗ್ಗ ಬೇಕು, ಕೆಳಗೆ ನಿಂತು ಅದನ್ನು ಹಿಡಿಯುವ ಎಚ್ಚರದ ಕೈ ಬೇಕು. ದಾವಣಗೆರೆಯ ಕಡೆಯವರಿಗೆ ಇದನ್ನು ತಿಳಿಸಲು ಒಂದೇ ಮಾತು ಸಾಕು: ಇದೊಂದು ಗರಡಿ. ಕೆಮ್ಮಣ್ಣಿನ ಬದಲು ಮೆತ್ತೆ, ಜಟ್ಟಿಯ ಬದಲು ಗೋಡೆ. 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಈ ಆಟಕ್ಕೂ ಮೊದಲ ಸಲ ಪದಕಗಳನ್ನು ಕೊಟ್ಟರು.

ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಗ ಇದನ್ನು ಕಲಿತಳು. ಈಗ ದಾವಣಗೆರೆಯಲ್ಲಿ ಅಂಥದೇ ಒಂದು ಶಾಲೆಯನ್ನು ತೆರೆಯಬೇಕೆನ್ನುತ್ತಾಳೆ: ಒಂದು ಕಡೆ ಗೋಡೆ, ಇನ್ನೊಂದು ಕಡೆ ಬೈಸಿಕಲ್ಲಿಗೆ ಉಬ್ಬುತಗ್ಗುಗಳ ಸುತ್ತುದಾರಿ. ಆ ದಾರಿಯಲ್ಲಿ ತುಳಿಯುವ ಕೆಲಸವೇ ಇಲ್ಲವಂತೆ. ತಗ್ಗಿನಲ್ಲಿ ಮೈಯೊತ್ತಿ ಉಬ್ಬಿನಲ್ಲಿ ಹಗುರಾದರೆ ಬಂಡಿ ತಾನಾಗಿ ಓಡುತ್ತದೆ. ಬಂಡವಾಳ? ಅವಳ ಮದುವೆಗೆಂದು ತಂಗಿ ಕೂಡಿಟ್ಟ ಹಣ. ಮನೆಯಲ್ಲಿ ಎಂಥ ಮೌನ ಕವಿಯಿತೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ಮೊದಲು ಎದ್ದ ಆಕ್ಷೇಪಣೆ, ಇದು ಹೆಂಗಸರ ಕಸುಬಲ್ಲವೆಂಬುದು. ಇದಕ್ಕೆ ಉತ್ತರ ಹಳೆಯದೇ ಇದೆ. ಅಮೆರಿಕದ ಫ್ಯಾನಿ ಬುಲಕ್ ವರ್ಕ್‌ಮನ್ ಎಂಬಾಕೆ 19ನೆಯ ಶತಮಾನದ ಕೊನೆಯಲ್ಲಿ ಪತಿಯೊಡನೆ ಬೈಸಿಕಲ್ಲಿನ ಮೇಲೆ ಹಿಂದೂಸ್ಥಾನವನ್ನು ಸುತ್ತಿದಳು. ಹಿಮಾಲಯದ ಹುಚ್ಚೂ ಆಗಲೇ ಹಿಡಿದು, 1906ರಲ್ಲಿ 6,900 ಮೀಟರಿಗೂ ಮಿಗಿಲಾದ ಶಿಖರವೊಂದನ್ನು ಹತ್ತಿದಳು. ಆದರೆ ಆಕೆಗೆ ತವರಿನ ಐಶ್ವರ್ಯವಿತ್ತೆಂಬುದನ್ನು ಮರೆಯಬಾರದು. ಹತ್ತುವುದರಿಂದಲೇ ಹೊಟ್ಟೆ ಹೊರೆಯಬೇಕಾದವಳ ಪಾಡು ಬೇರೆ. ಅದಕ್ಕೆ ನಮ್ಮ ಕಾಲದ, ನಮ್ಮ ನಾಡಿನ ನಿದರ್ಶನವೇ ಬೇಕು. ಬೆಂಗಳೂರಿನ ಗೌರಿ ವಾರಣಾಶಿಯವರು ‘ಕ್ಲೈಂಬ್ ಲೈಕ್ ಎ ವುಮನ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಹೆಂಗಸರಿಗಾಗಿಯೇ ಶಿಲಾರೋಹಣದ ಶಿಬಿರಗಳನ್ನು ನಡೆಸಿದ್ದಾರೆ. ಬಂಡೆಗೆ ಗಂಡು ಹೆಣ್ಣೆಂಬ ಭೇದವಿಲ್ಲ, ನಿಜ. ಆದರೆ ನಡುವಿಗೆ ಪಟ್ಟಿ ಬಿಗಿದು, ಹಗ್ಗ ಕಟ್ಟಿ, ‘ಕಾಲನ್ನು ಇನ್ನಷ್ಟು ಮೇಲಿಡು’ ಎಂದು ಹೇಳುವವರು ಹೆಂಗಸಾದರೆ ಹೊಸಬಳ ಸಂಕೋಚ ಅರ್ಧ ಕಳೆಯುತ್ತದೆ. ನನ್ನ ಮಟ್ಟಿಗೆ ಈ ವ್ಯಾಪಾರದ ಜೀವಾಳ ಇಲ್ಲಿದೆ. ಮಾರುವ ಸರಕು ಗೋಡೆಯಲ್ಲ, ನೆಚ್ಚಿಕೆ.

ಎರಡನೆಯ ಆಕ್ಷೇಪಣೆ ಗಟ್ಟಿಯಾದುದು: ದುಡ್ಡು ಕೊಟ್ಟು ಬರುವವರು ಯಾರು? ನಾನು ನಮ್ಮೂರ ದಾರಿಯನ್ನು ನೆನೆದುಕೊಂಡೆ. 2006-07ರಲ್ಲಿ ಸರ್ಕಾರವು ಎಂಟನೆಯ ತರಗತಿಯವರಿಗೆ ಬೈಸಿಕಲ್ಲು ಕೊಡತೊಡಗಿದಾಗ, ಸುತ್ತಲ ಹಳ್ಳಿಗಳಿಂದ ಹುಡುಗಿಯರು ಗುಂಪುಗುಂಪಾಗಿ ಗಂಟೆ ಬಾರಿಸುತ್ತ ಪಾಠಶಾಲೆಗೆ ಬಂದರು. ಮಳೆ ಕಾಣದ ಸೀಮೆ ನಮ್ಮದು. ಆ ಧೂಳಿನಲ್ಲಿಯೂ ಅವರ ಮುಖದಲ್ಲಿ ಏನೋ ಒಂದು ಠೀವಿ ಇರುತ್ತಿತ್ತು. ಹತ್ತನೆಯ ತರಗತಿ ಮುಗಿಯುತ್ತಲೇ ಎಷ್ಟೋ ಬೈಸಿಕಲ್ಲುಗಳು ದನದ ಕೊಟ್ಟಿಗೆಗೆ ಒರಗಿದವು, ಇಲ್ಲವೆ ಅಣ್ಣತಮ್ಮಂದಿರ ಪಾಲಾದವು. ಆ ಹುಡುಗಿಯರಲ್ಲಿ ಹಲವರು ಇಂದು ದಾವಣಗೆರೆಯಲ್ಲಿ ಸಂಸಾರ ಹೂಡಿದ್ದಾರೆ, ತಾಯಂದಿರಾಗಿದ್ದಾರೆ. ಅವರು ಬರಲಾರರೆಂದು ನನಗನ್ನಿಸುವುದಿಲ್ಲ. ಮಕ್ಕಳ ನೆಪದಿಂದಲಾದರೂ ಬಂದಾರು.

ಆದುದರಿಂದ ನಾನು ಹುಡುಗಿಯ ಪಕ್ಷವನ್ನು ವಹಿಸಿದೆ. ಹಣವನ್ನೆಲ್ಲ ಒಮ್ಮೆಗೇ ಸುರಿಯಬಾರದೆಂದು ಮಾತ್ರ ಹೇಳಿದೆ. ಹಗ್ಗ ಬೇಡದ ಗಿಡ್ಡ ಗೋಡೆ ಮೊದಲು, ಎತ್ತರದ್ದು ಆಮೇಲೆ. ಎಲ್ಲರೂ ಬಾಡಿಗೆ, ಬಡ್ಡಿಗಳ ಮಾತಾಡುತ್ತಿರುವಾಗ, ಎಂದೂ ದುರ್ಗದ ಬಂಡೆಯನ್ನೇರದ ನಮ್ಮ ತಾಯಿಯೊಬ್ಬರೇ ಕೇಳಬೇಕಾದುದನ್ನು ಕೇಳಿದರು: “ಆ ಹಗ್ಗ ಎಷ್ಟು ವರ್ಷ ಬಾಳುತ್ತದೆ?” ಬಳಸದೆ ಇಟ್ಟರೂ ಹತ್ತು ವರ್ಷಕ್ಕೆ ಮೀರಿ ಉಪಯೋಗಿಸಕೂಡದು, ದಿನವೂ ಬಳಸಿದರೆ ಬಹು ಬೇಗ ಬದಲಿಸಬೇಕು ಎಂದು ಹುಡುಗಿ ತಡವರಿಸದೆ ಹೇಳಿದಳು. ಬಾವಿಯ ಹಗ್ಗವನ್ನು ಬಲ್ಲ ಮುದುಕಿ ತಲೆದೂಗಿದರು. ತಂಗಿ ಆಗಲೂ ಮಾತಾಡಲಿಲ್ಲ. ಆದರೆ ಮರುದಿನ ಬ್ಯಾಂಕಿನ ಪುಸ್ತಕವನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಟ್ಟಳು.

ಈಗ ಕಟ್ಟಡ ಹುಡುಕುತ್ತಿದ್ದಾರೆ. ದಾವಣಗೆರೆಯ ಹತ್ತಿ ಗಿರಣಿಗಳ ವೈಭವದ ಕಾಲ ಹೋಯಿತು. ಅರಳೆಯ ಅಂಡಿಗೆಗಳನ್ನು ಒಟ್ಟುತ್ತಿದ್ದ ಒಂದು ಹಳೆಯ ಉಗ್ರಾಣ ಬಾಡಿಗೆಗಿದೆ. ಮಾಡು ಸಾಕಷ್ಟು ಎತ್ತರವಾಗಿದೆಯಂತೆ, ತೊಲೆಗಳು ಮಾತ್ರ ಪರೀಕ್ಷೆಯಾಗಬೇಕು.