ಯಾದಗಿರಿಯಿಂದ ಸುರಪುರಕ್ಕೆ, ಸಾಕ್ಷಿ ಕೇಳುತ್ತ

ಯಾದಗಿರಿಯಲ್ಲಿ ರೈಲು ಇಳಿಯುವಾಗ ಎದುರಾದವರು ಗುಳೆ ಹೊರಟವರು. ತಲೆ ಮೇಲೆ ಗಂಟು, ಕಂಕುಳಲ್ಲಿ ಕೂಸು, ಕೈಯಲ್ಲಿ ರೊಟ್ಟಿ ಬುತ್ತಿ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವ ಈ ಜನರಲ್ಲಿ ಮೆಥೋಡಿಸ್ಟ್ ಕುಟುಂಬಗಳೂ ಇವೆ. ನಿಜಾಮನ ಆಳ್ವಿಕೆಯಲ್ಲಿ ಅಮೆರಿಕನ್ ಮಿಷನ್ನಿನವರ ಮಾತು ಕೇಳಿ ಕ್ರಿಸ್ತನನ್ನು ನಂಬಿದ ದಲಿತರ ಮೊಮ್ಮಕ್ಕಳು ಅವರು. ಊರಿನ ಹೋಲ್ಸ್‌ಟನ್ ಆಸ್ಪತ್ರೆಯೂ ಆ ಮಿಷನ್ನು ಆರಂಭಿಸಿದ್ದೇ.

ಅವರ ಸಭೆಯ ಭಾನುವಾರದ ಆರಾಧನೆಗೆ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಜಮಖಾನೆ ಮೇಲೆ ಕುಳಿತೆ. ಹಾರ್ಮೋನಿಯಂ, ಢೋಲಕ್, ತಾಳ. ಹಾಡಿನ ಧಾಟಿ ನಮ್ಮ ಭಜನಾ ಮೇಳದ್ದೇ. ಸಾಕ್ಷಿ ಹೇಳಲು ಒಬ್ಬ ಅಜ್ಜಿ ಎದ್ದು ಸೆರಗು ಹೊದ್ದುಕೊಂಡಳು.

"ಬೆಂಗಳೂರಾಗ ಶೆಡ್ಡಿನಾಗ ಇದ್ವಿ. ಮಗ ಸತ್ತ. ಮಣ್ಣು ಕೊಡಾಕ ನಮ್ಮವ್ರು ಯಾರೂ ಇರ್ಲಿಲ್ಲ. ಗುರುತಿಲ್ಲದ ಸಭೆಯವ್ರು ಬಂದು ಪ್ರಾರ್ಥನಿ ಮಾಡಿ ಮಣ್ಣು ಕೊಟ್ರು. ಯೇಸಪ್ಪನ ಮ್ಯಾಲ ಸಿಟ್ಟು ಐತಿ. ಆದ್ರ ಅಂವನ್ನ ಬಿಟ್ಟಿಲ್ಲ."

ಯಾರೂ ಆಕೆಯನ್ನು ತಿದ್ದಲಿಲ್ಲ. "ಸ್ತೋತ್ರ" ಎಂದರು, ಅಷ್ಟೇ. ದಾವೀದನ ಕೀರ್ತನೆಗಳಲ್ಲಿಯೂ ದೇವರ ಮೇಲೆ ದೂರಿದೆ. ಕಷ್ಟದಲ್ಲಿ ಬೆಳೆದ ಭಕ್ತಿಗೆ ದೂರುವ ಸಲಿಗೆಯೂ ಇರುತ್ತದೆಂದು ನಾನು ನಂಬುತ್ತೇನೆ.

ಭೀಮಾ ದಾಟಿ ಬಸ್ಸು ಶಹಾಪುರದತ್ತ ಹೊರಟಿತು. ಮಲಗಿದ ಬುದ್ಧನ ಆಕಾರದ ಬೆಟ್ಟ ಕಂಡಾಗ ಪಕ್ಕದ ಕ್ರೈಸ್ತ ತರುಣ ತನ್ನ ಜಾತಿ ಕಾಗದಗಳ ಕಥೆ ತೆಗೆದ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಮಾನ್ಯತೆ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರು ಹೊರಗೇ ಉಳಿದರು. "ಕೇರಿ ಅದೇ, ಕೂಲಿ ಅದೇ, ನೋಡೋರ ಕಣ್ಣೂ ಅದೇ ರೀ," ಎಂದ. ಶಾಲೆಯಲ್ಲಿ ಅವನಿಗೆ ಒಂದು ಹೆಸರು, ಸಭೆಯಲ್ಲಿ ಇನ್ನೊಂದು. ಯಾವ ಹೆಸರಿನಿಂದ ಕರೆದರೂ ಓಗೊಡುತ್ತಾನೆ, ಆದರೆ ಪ್ರಾರ್ಥನೆಯಲ್ಲಿ ಮಾತ್ರ ಎರಡನ್ನೂ ಹೇಳಿಕೊಳ್ಳುತ್ತಾನಂತೆ. ನಂಬಿಕೆ ಬದಲಾದರೆ ಅಸ್ಪೃಶ್ಯತೆಯ ಗಾಯವೂ ಮಾಯವಾಯಿತೆಂದು ಬರೆದಿಡುವುದು ಅನ್ಯಾಯ.

ಸುರಪುರದ ಗುಡ್ಡದ ಮೇಲೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1840ರ ದಶಕದಲ್ಲಿ ಕಟ್ಟಿಸಿದ ಬಂಗಲೆ, ಟೇಲರ್ ಮಂಜಿಲ್ ಇದೆ. ನೋಡಿ ಬೇಗ ಇಳಿದೆ. ಕೇರಿಯ ಮನೆಯೊಂದರಲ್ಲಿ ಊಟಕ್ಕೆ ಕಾಯುತ್ತಿದ್ದರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಕೈ ಹಾಕುವ ಮೊದಲು ಮನೆಯ ಅವ್ವ ಗುಳೆ ಹೋದ ಮಕ್ಕಳ, ಸೊಸೆಯರ, ಮೊಮ್ಮಕ್ಕಳ ಹೆಸರನ್ನೆಲ್ಲ ಒಂದೊಂದಾಗಿ ಹೇಳಿ ಪ್ರಾರ್ಥಿಸಿದಳು. ಆಮೇಲೆ ನನಗೆ ಬಡಿಸುತ್ತ, "ಬುಧವಾರ ಶೆಡ್ಡಿನಾಗ ಪ್ರಾರ್ಥನಿ ನಡಸ್ತಾರ್ರಿ ನಮ್ಮ ಹುಡುಗ್ರು. ದೊಡ್ಡ ಅಕ್ಷರದ ಬೈಬಲ್ ಸಿಕ್ರ ಅವ್ರಿಗೆ ಮುಟ್ಟಿಸ್ರಿ," ಎಂದಳು.